ಇಸವಿ ಕಾಣದ ನಾಣ್ಯ: ಬೆಲೆ ಕಟ್ಟುವುದು, ಮಾರುವುದು

ಇಸವಿ ಇಲ್ಲದ ನಾಣ್ಯಕ್ಕೆ ಬೆಲೆ ಎಷ್ಟು ಎಂದು ಕೇಳುವವರಿಗೆ ಉತ್ತರ ಹೇಳಬೇಕಾದರೆ ಮೊದಲು ಒಂದು ವಿಷಯ ಗೊತ್ತಾಗಬೇಕು: ಇಸವಿ ಹೋದದ್ದು ಹೇಗೆ? ಕೈಯಿಂದ ಕೈಗೆ ಓಡಾಡಿ ಸವೆದುಹೋಯಿತೇ, ಟಂಕಸಾಲೆಯಲ್ಲೇ ಮೂಡಲಿಲ್ಲವೇ, ಆಮೇಲೆ ಯಾರಾದರೂ ಉಜ್ಜಿದರೇ, ಅಥವಾ ಇಸವಿ ಇದ್ದೂ ನಮಗೆ ಓದಲು ಬರಲಿಲ್ಲವೇ? ನೋಡಲು ನಾಲ್ಕೂ ಒಂದೇ ಥರ ಇರುತ್ತವೆ, ಬೆಲೆಯಲ್ಲಿ ಮಾತ್ರ ಅಜಗಜಾಂತರ. ಸವೆದದ್ದು ಸಾಮಾನ್ಯವಾಗಿ ಲೋಹದ ಬೆಲೆಗೋ ಮುಖಬೆಲೆಗಿಂತ ತುಸು ಹೆಚ್ಚಿಗೋ ಹೋಗುತ್ತದೆ. ಟಂಕಸಾಲೆಯ ದೋಷವಾದರೆ ಅದಕ್ಕೆ ಬೇರೆಯೇ ಗಿರಾಕಿಗಳಿದ್ದಾರೆ. ಉಜ್ಜಿದ್ದಕ್ಕೆ ಬೆಲೆಯಿಲ್ಲ. ಓದಲು ಬಾರದ್ದು ಏನು ಬೇಕಾದರೂ ಆಗಿರಬಹುದು.

ಮಾರುವವರು ಎಡವುವುದು ಹೆಚ್ಚಾಗಿ ಈ ಮೊದಲ ಹೆಜ್ಜೆಯಲ್ಲೇ. ಸವೆದ ನಾಣ್ಯವನ್ನು "ಅಪರೂಪದ ಎರರ್" (ಟಂಕಸಾಲೆಯ ದೋಷ) ಎಂದು ಹಾಕಿ ವರ್ಷಗಟ್ಟಲೆ ಕಾಯುತ್ತಾರೆ, ನಿಜವಾಗಿ ಬೆಲೆಯಿರುವುದನ್ನು ರಾಶಿಯಲ್ಲಿ ತೂಕಕ್ಕೆ ಕೊಟ್ಟುಬಿಡುತ್ತಾರೆ. ಎರಡನೆಯ ನಷ್ಟವೇ ದೊಡ್ಡದು. ಈ ಬರಹದ ಹೆಚ್ಚಿನ ಭಾಗ ಅದನ್ನು ತಪ್ಪಿಸುವುದರ ಬಗ್ಗೆಯೇ.

ಇಸವಿ ನಿಜವಾಗಿಯೂ ಇಲ್ಲವೇ?

ಮೊದಲು ನಾಣ್ಯದ ಎರಡೂ ಮುಖ, ಆಮೇಲೆ ಸುತ್ತಲಿನ ಅಂಚು ನೋಡಿ. ಅಮೆರಿಕದ ಅಧ್ಯಕ್ಷರ ಸರಣಿಯ 1 ಡಾಲರ್ ನಾಣ್ಯಗಳಲ್ಲಿ (2007ರಿಂದ) ಇಸವಿಯೂ ಮಿಂಟ್ ಮಾರ್ಕೂ (ಯಾವ ಟಂಕಸಾಲೆಯದು ಎಂದು ಹೇಳುವ ಸಣ್ಣ ಗುರುತು) ಮುಖದ ಮೇಲಿಲ್ಲ, ಅಂಚಿನಲ್ಲಿ ಕೊರೆದಿವೆ. ಬ್ರಿಟನ್ನಿನ 20 ಪೆನ್ಸ್ ನಾಣ್ಯದಲ್ಲಿ 1982ರಿಂದ ಇಸವಿ ಹಿಂಬದಿಯಲ್ಲಿತ್ತು. 2008ರಲ್ಲಿ ಮ್ಯಾಥ್ಯೂ ಡೆಂಟ್ ರೂಪಿಸಿದ ರಾಜಲಾಂಛನದ ತುಣುಕಿನ ವಿನ್ಯಾಸ ಬಂದಾಗ ಅದು ರಾಣಿಯ ತಲೆಯ ಬದಿಗೆ ಹೋಯಿತು. ಹಳೆಯ ನಾಣ್ಯದ ತಲೆ ನೋಡಿ "ಇಸವಿ ಇಲ್ಲ" ಎಂದುಕೊಳ್ಳುವವರು ಬಹಳ. ತಿರುಗಿಸಿದರೆ ಅಲ್ಲೇ ಇರುತ್ತದೆ.

ಇನ್ನು ಕೆಲವು ನಾಣ್ಯಗಳಲ್ಲಿ ಇಸವಿ ಇರುವುದು ನಮಗೆ ರೂಢಿಯಲ್ಲದ ಲಿಪಿಯಲ್ಲಿ ಅಥವಾ ಶಕದಲ್ಲಿ. ವಿಕ್ಟೋರಿಯಾ ಕಾಲದ ಎರಡು ಶಿಲ್ಲಿಂಗಿನ ಗಾಥಿಕ್ ಫ್ಲೋರಿನ್‌ಗಳಲ್ಲಿ ಅದು ಗಾಥಿಕ್ ಅಕ್ಷರದ ರೋಮನ್ ಸಂಖ್ಯೆ, ಹಾಗಾಗಿ ಸುತ್ತುಬರಹದ ಭಾಗವೆಂದೇ ಕಾಣುತ್ತದೆ. ನೇಪಾಳದ ನಾಣ್ಯಗಳ ವಿಕ್ರಮ ಸಂವತ್ಸರದಿಂದ 57 ಕಳೆದರೆ ಹೆಚ್ಚುಕಡಿಮೆ ಕ್ರಿಸ್ತಶಕ ಸಿಗುತ್ತದೆ. ಜಪಾನಿನ ಶೋವಾ ವರ್ಷಕ್ಕೆ 1925 ಕೂಡಿಸಬೇಕು. ಟಿಪ್ಪು ಸುಲ್ತಾನನ ಮೌಲೂದಿ ಶಕದ ನಾಣ್ಯಗಳಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದಿದ್ದಾರೆ. ಎಡದಿಂದ ಓದಿದರೆ ಯಾವ ಪಟ್ಟಿಯಲ್ಲೂ ಇಲ್ಲದ ವರ್ಷ ಬರುತ್ತದೆ.

ಇಸವಿ ಸ್ಪಷ್ಟವಾಗಿದ್ದೂ ನಿಜ ಹೇಳದ ನಾಣ್ಯಗಳೂ ಉಂಟು. 1862 ಎಂದು ಮುದ್ರೆಯಿರುವ ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿಯನ್ನು 1874ರಲ್ಲಿ ಇಸವಿ ಬದಲಾಗುವವರೆಗೂ ಅದೇ ಇಸವಿಯಲ್ಲಿ ಟಂಕಿಸಿದರು. ಮುಂಬಯಿ ಟಂಕಸಾಲೆಯವರು ನಿಜವಾದ ವರ್ಷವನ್ನು ಸಣ್ಣ ಚುಕ್ಕೆಗಳಲ್ಲಿ ಗುರುತಿಸಿದರು. ಇಂಥ ರೂಪಾಯಿ ಕೈಗೆ ಬಂದರೆ ನೋಡಬೇಕಾದದ್ದು ಚುಕ್ಕೆಗಳನ್ನು, ಎಷ್ಟಿವೆ, ಎಲ್ಲಿವೆ ಎಂದು. ಆಸ್ಟ್ರಿಯಾದ ಬೆಳ್ಳಿ ನಾಣ್ಯ ಮರಿಯಾ ತೆರೇಸಾ ಥಾಲರ್ ಕೂಡ ಹಾಗೆಯೇ: ರಾಣಿ ತೀರಿಕೊಂಡ 1780ನ್ನೇ ಹೊತ್ತು ಆಮೇಲೂ ಬಹುಕಾಲ ಅಚ್ಚಾಯಿತು.

ಸವೆತವೋ, ದೋಷವೋ, ಉಜ್ಜಿದ್ದೋ

ಬೇಕಾದ ಸಾಮಾನು ಕಡಿಮೆ. 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, 0.01 ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿ, ಡಿಜಿಟಲ್ ಕ್ಯಾಲಿಪರ್, ಮೇಜಿನ ಮೇಲಿಡುವ ಒಂದು ದೀಪ. ಕೋಣೆಯ ಬೇರೆ ದೀಪಗಳನ್ನು ಆರಿಸಿ, ಮೇಜಿನ ದೀಪವನ್ನು ನಾಣ್ಯದ ಮಟ್ಟಕ್ಕೆ ತಗ್ಗಿಸಿ, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವ ಹಾಗೆ ಇಡಿ. ನಾಣ್ಯವನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿ. ನೇರ ಬೆಳಕಿನಲ್ಲಿ ಬೋಳಾಗಿ ಕಾಣುವ ಜಾಗದಲ್ಲಿ ಯಾವುದೋ ಒಂದು ಕೋನದಲ್ಲಿ ಅಂಕಿಯ ನೆರಳು ಕಾಣಿಸಿಕೊಳ್ಳುತ್ತದೆ. ಕೊನೆಯ ಒಂದು ಅಂಕಿ ಸಿಕ್ಕರೂ ಬೆಲೆ ಬದಲಾಗಬಹುದಾದ್ದರಿಂದ ಇದಕ್ಕೆ ಎಷ್ಟು ಹೊತ್ತು ಹೋದರೂ ಸರಿ. ಸ್ಕ್ಯಾನರ್ ಇಲ್ಲಿ ನಿರುಪಯೋಗಿ, ಅದರ ಬೆಳಕು ನೆರಳನ್ನೇ ಅಳಿಸುತ್ತದೆ.

ಸವೆತಕ್ಕೆ ಒಂದು ಕ್ರಮವಿದೆ. ಎತ್ತರದ ಭಾಗ ಮೊದಲು ಹೋಗುತ್ತದೆ: ಕೆನ್ನೆ, ಕೂದಲು, ಭುಜ, ಮೊಣಕಾಲು. ಇಸವಿ ಕಾಣೆಯಾಗಿ ಕೂದಲಿನ ಎಳೆಗಳು ಮಾತ್ರ ಗರಿಗರಿಯಾಗಿ ಉಳಿದಿದ್ದರೆ ಅದು ಸವೆತವಲ್ಲ. ಇಡೀ ಮುಖ ನುಣ್ಣಗಾಗಿ, ಅಂಚಿನ ಅಕ್ಷರಗಳು ಅಂಚಿಗೇ ಕರಗಿಹೋಗಿದ್ದರೆ ಅದು ಸವೆತವೇ, ಬೇರೆ ಹೆಸರು ಕೊಡಬೇಡಿ.

ಟಂಕಸಾಲೆಯ ದೋಷಗಳಲ್ಲಿ ಹೆಚ್ಚಾಗಿ ಸಿಗುವುದು ಗ್ರೀಸ್ ತುಂಬಿದ ಅಚ್ಚಿನದು. ನಾಣ್ಯದ ಮೇಲೆ ಉಬ್ಬಿರುವ ಅಂಕಿ ಅಚ್ಚಿನಲ್ಲಿ ಗುಳಿಯಾಗಿರುತ್ತದೆ. ಯಂತ್ರದ ಎಣ್ಣೆ, ಲೋಹದ ಪುಡಿ, ಧೂಳು ಸೇರಿ ಆ ಗುಳಿ ಮುಚ್ಚಿಕೊಂಡರೆ ಒತ್ತಿದಾಗ ಬಿಲ್ಲೆಯ (ಅಚ್ಚೊತ್ತುವ ಮೊದಲಿನ ಬರೀ ಲೋಹದ ತುಂಡಿನ) ಲೋಹ ಒಳಕ್ಕೆ ಹರಿಯುವುದಿಲ್ಲ. ಇದರ ಲಕ್ಷಣ: ಅಂಕಿ ಮಂಕಾಗುತ್ತ ಮಂಕಾಗುತ್ತ ಮಾಯವಾಗಿರುತ್ತದೆ, ಕತ್ತರಿಸಿದಂತೆ ನಿಂತಿರುವುದಿಲ್ಲ. ಸುತ್ತಲಿನ ಬಯಲಿನಲ್ಲಿ, ಅಂದರೆ ಚಿತ್ರವಿಲ್ಲದ ಸಮತಟ್ಟು ಜಾಗದಲ್ಲಿ, ಹೊಳಪು ಹಾಗೇ ಇರುತ್ತದೆ, ಅಂಚು ಪೂರ್ತಿಯಾಗಿರುತ್ತದೆ, ತೂಕ ಸರಿಯಿರುತ್ತದೆ. ಒಂದು ಅಂಕಿ ಮಸುಕಾದ ಹೊಸ ನಾಣ್ಯಕ್ಕೆ ಹೆಚ್ಚೇನೂ ಬೆಲೆ ಬರುವುದಿಲ್ಲ, ಇಂಥವು ಹೇರಳ. ನಾಲ್ಕೂ ಅಂಕಿ ಸಂಪೂರ್ಣ ಹೋಗಿ ನಾಣ್ಯ ಮಾತ್ರ ಹೊಚ್ಚಹೊಸದಾಗಿದ್ದರೆ ಎರರ್ ಸಂಗ್ರಾಹಕರು ಕೊಳ್ಳುತ್ತಾರೆ.

ಬಿಲ್ಲೆಯೇ ಒಂದು ಕಡೆ ತೆಳುವಾಗಿದ್ದರೆ ಅಲ್ಲಿ ಅಚ್ಚು ತುಂಬುವಷ್ಟು ಲೋಹವಿರುವುದಿಲ್ಲ. ಆಗ ಎರಡೂ ಮುಖಗಳಲ್ಲಿ ಒಂದಕ್ಕೊಂದು ಬೆನ್ನಾಗಿರುವ ಜಾಗದಲ್ಲೇ ಚಿತ್ರ ಸೋತಿರುತ್ತದೆ. ಕ್ಯಾಲಿಪರ್‌ನಿಂದ ದಪ್ಪವನ್ನು ನಾಲ್ಕು ಕಡೆ ಅಳೆಯಿರಿ, ಒಂದು ಕಡೆ ಕಡಿಮೆ ಬಂದರೆ ವಿಷಯ ತೀರ್ಮಾನವಾಯಿತು. ಅಂಚು ತುಂಡಾದ ಬಿಲ್ಲೆಯಲ್ಲೂ ಹೀಗೊಂದು ಗುರುತಿದೆ: ತುಂಡಾದ ಜಾಗಕ್ಕೆ ಎದುರಿನ ಅಂಚು ಸರಿಯಾಗಿ ಮೂಡಿರುವುದಿಲ್ಲ. ಬಿಲ್ಲೆಗೆ ಅಂಚು ಎಬ್ಬಿಸುವ ಯಂತ್ರದಲ್ಲಿ ತುಂಡಾದ ಕಡೆ ಆನಿಕೆಯಿಲ್ಲದೆ, ಎದುರುಗಡೆ ಒತ್ತಡ ಬೀಳುವುದಿಲ್ಲ. ಆಮೇಲೆ ಕತ್ತರಿಸಿದ ನಾಣ್ಯದಲ್ಲಿ ಎದುರಿನ ಅಂಚು ಗಟ್ಟಿಯಾಗಿಯೇ ಇರುತ್ತದೆ.

ಅಚ್ಚು ಪಕ್ಕಕ್ಕೆ ಸರಿದು ಬಿದ್ದ ಆಫ್ ಸೆಂಟರ್ ನಾಣ್ಯಗಳ ಲೆಕ್ಕ ಬೇರೆ. ನಾಣ್ಯದ ಒಂದು ಭಾಗ ಬರೀ ಬಿಲ್ಲೆಯಾಗಿ ಉಳಿದಿರುತ್ತದೆ, ಇಸವಿ ಆ ಭಾಗದಲ್ಲಿದ್ದರೆ ಕಾಣೆ. ಹೆಚ್ಚು ಸರಿದಷ್ಟೂ ಹೆಚ್ಚು ಬೆಲೆ ಎಂಬ ನಂಬಿಕೆ ಅರ್ಧ ಸರಿ. 40ರಿಂದ 60 ಶೇಕಡಾ ಸರಿದೂ ಇಸವಿ ಪೂರ್ತಿ ಕಾಣುವ ನಾಣ್ಯಕ್ಕೆ ಬೇಡಿಕೆ ಹೆಚ್ಚು. ಅಷ್ಟೇ ಸರಿದು ಇಸವಿ ಕಾಣದಿದ್ದರೆ ಬೆಲೆ ಇಳಿಯುತ್ತದೆ, ಯಾಕೆಂದರೆ ಕೊಳ್ಳುವವರಲ್ಲಿ ಬಹಳ ಮಂದಿ ವರ್ಷಕ್ಕೊಂದರಂತೆ ಜೋಡಿಸುವವರು. ಇಸವಿಯೇ ಇಲ್ಲದ್ದನ್ನು ಅವರು ಯಾವ ಜಾಗದಲ್ಲಿ ಇಡಬೇಕು? ಬ್ರೋಕೇಜ್‌ನಲ್ಲಿ ಮಾತ್ರ ಇಸವಿಯ ಕೊರತೆ ಅಷ್ಟು ಕಾಡುವುದಿಲ್ಲ. ಹಿಂದಿನ ನಾಣ್ಯ ಅಚ್ಚಿಗೇ ಅಂಟಿಕೊಂಡು, ಮುಂದಿನ ಬಿಲ್ಲೆಯ ಮೇಲೆ ಅದರ ಚಿತ್ರ ತಿರುಗುಮುರುಗಾಗಿ ಒಳಕ್ಕೆ ಒತ್ತಿಕೊಂಡಿರುತ್ತದೆ. ಚಿತ್ರ ಎಷ್ಟು ಪೂರ್ತಿಯಾಗಿದೆ ಎಂಬುದರ ಮೇಲೆ ಬೆಲೆ.

ಉಜ್ಜಿದ್ದನ್ನು ಹಿಡಿಯಲು ಲೂಪ್ ಸಾಕು. ಒಂದೇ ದಿಕ್ಕಿನ ಗೀರುಗಳು, ಸುತ್ತಲಿಗಿಂತ ತಗ್ಗಾದ ಬಯಲು, ಬಣ್ಣದಲ್ಲಿ ವ್ಯತ್ಯಾಸ, ಹತ್ತಿರದ ಅಕ್ಷರಗಳ ಒಂದು ಬದಿ ಮಾತ್ರ ಚಪ್ಪಟೆ. ಬಟ್ಟೆ ಒಣಗಿಸುವ ಯಂತ್ರದಲ್ಲಿ ಸಿಕ್ಕಿಕೊಂಡು ಉರುಳಿದ ನಾಣ್ಯದ ಅಂಚು ದಪ್ಪಗಾಗಿ ಒಳಕ್ಕೆ ಮಡಚಿರುತ್ತದೆ, ಅದರಡಿ ಅಕ್ಷರ ಮುಚ್ಚಿಹೋಗಿರುತ್ತದೆ. ಅದನ್ನೂ ಎರರ್ ಎಂದು ಮಾರುವವರಿದ್ದಾರೆ. ಅಂಚಿನ ಬರಹವಿಲ್ಲದ ಅಧ್ಯಕ್ಷರ ಡಾಲರ್ ವಿಷಯದಲ್ಲೂ ಇದೇ ಎಚ್ಚರ ಬೇಕು. ನಾಣ್ಯ ಅಚ್ಚಾದ ಮೇಲೆ ಬೇರೊಂದು ಯಂತ್ರದಲ್ಲಿ ಅಂಚಿಗೆ ಬರಹ ಒತ್ತುತ್ತಾರೆ. ಆ ಯಂತ್ರಕ್ಕೆ ಹೋಗದೆ ತಪ್ಪಿಸಿಕೊಂಡವು 2007ರಲ್ಲಿ, ಅದರಲ್ಲೂ ಜಾರ್ಜ್ ವಾಷಿಂಗ್ಟನ್ ನಾಣ್ಯದಲ್ಲಿ ಬಹಳ ಬಂದವು. ಅಸಲಿಯಾದರೆ ವ್ಯಾಸ 26.5 ಮಿಲಿಮೀಟರ್, ತೂಕ 8.1 ಗ್ರಾಂ ಇರಬೇಕು. ಅಂಚನ್ನು ಅರದಿಂದ ತೇಯ್ದಿದ್ದರೆ ಎರಡೂ ಇಳಿದಿರುತ್ತವೆ.

ಇಸವಿಯಿಲ್ಲದ್ದೇ ನಿಜವಾದ ಸಂಪತ್ತಾದ ಉದಾಹರಣೆ ಬ್ರಿಟನ್ನಿನ 20 ಪೆನ್ಸ್. ಇಸವಿ ಹಿಂಬದಿಯಿಂದ ಮುಂಬದಿಗೆ ಹೋದ ಹೊತ್ತಿನಲ್ಲಿ ಹಳೆಯ ತಲೆಯ ಅಚ್ಚನ್ನೂ ಹೊಸ ಲಾಂಛನದ ಅಚ್ಚನ್ನೂ ಜೋಡಿಸಿ ಟಂಕಿಸಿದ್ದರಿಂದ ಎರಡೂ ಕಡೆ ಇಸವಿಯಿಲ್ಲದ ನಾಣ್ಯಗಳು ಚಲಾವಣೆಗೆ ಬಂದವು. ರಾಯಲ್ ಮಿಂಟ್ ಅಂದಾಜಿನಲ್ಲೇ ಇವು 2,50,000 ದಾಟುವುದಿಲ್ಲ. 300 ವರ್ಷಗಳಿಂದೀಚೆಗೆ ಬ್ರಿಟನ್ನಿನಲ್ಲಿ ಇಸವಿಯಿಲ್ಲದೆ ಚಲಾವಣೆಗಿಳಿದ ಮೊದಲ ನಾಣ್ಯವಿದು. ಪರೀಕ್ಷೆ ಸುಲಭ: ಹಿಂಬದಿಯಲ್ಲಿ ಲಾಂಛನದ ತುಣುಕು ಇರಬೇಕು, ಆದರೂ ತಲೆಯ ಬದಿಯಲ್ಲಿ ಇಸವಿ ಇರಬಾರದು. ಹಿಂಬದಿಯಲ್ಲಿ ಗುಲಾಬಿ ಇದ್ದರೆ ಅದು ಹಳೆಯ ಸಾಧಾರಣ ನಾಣ್ಯ.

ಅಂಕಿಯಿಲ್ಲದೆ ವರ್ಷ ಹಿಡಿಯುವುದು

ಸವೆದ ನಾಣ್ಯ ಎಂದು ಖಾತ್ರಿಯಾದ ಮೇಲೂ ಕೈಬಿಡಬೇಡಿ. ವಿನ್ಯಾಸ ಯಾವ ವರ್ಷ ಬದಲಾಯಿತು, ಮಿಂಟ್ ಮಾರ್ಕ್ ಯಾವುದು, ಲೋಹ ಯಾವುದು ಎಂಬುದರಿಂದ ವರ್ಷದ ಹರವು ಕಿರಿದಾಗುತ್ತ ಬರುತ್ತದೆ. ಕೆಲವೊಮ್ಮೆ ಒಂದೇ ವರ್ಷಕ್ಕೆ ಬಂದು ನಿಲ್ಲುತ್ತದೆ.

ಅಮೆರಿಕದ 5 ಸೆಂಟಿನ ಬಫಲೋ ನಿಕಲ್ (1913–1938) ಇಸವಿ ಕಳೆದುಕೊಂಡ ನಾಣ್ಯಗಳಲ್ಲೆಲ್ಲ ಪ್ರಸಿದ್ಧ. ಜೇಮ್ಸ್ ಅರ್ಲ್ ಫ್ರೇಸರ್ ಇಸವಿಯನ್ನು ಮೂಲನಿವಾಸಿಯ ಭುಜದ ಮೇಲೆ, ಉಬ್ಬಿನ ಜಾಗದಲ್ಲಿ ಇಟ್ಟ. ಸುತ್ತ ಅದನ್ನು ಕಾಯುವ ಅಂಚಿಲ್ಲ, ಹಾಗಾಗಿ ಉಳಿದ ಚಿತ್ರಕ್ಕಿಂತ ಮೊದಲೇ ಅದು ಹೋಗುತ್ತದೆ. ಇಂಥದ್ದು ಸಿಕ್ಕರೆ ಮೊದಲು ಕಾಡೆಮ್ಮೆಯ ಬದಿ ನೋಡಿ. ಪ್ರಾಣಿ ಉಬ್ಬಿದ ದಿಬ್ಬದ ಮೇಲೆ ನಿಂತು, "ಐದು ಸೆಂಟ್" ಎಂಬ ಇಂಗ್ಲಿಷ್ ಬರಹ ಆ ದಿಬ್ಬದ ಮೇಲೇ ಇದ್ದರೆ ಅದು ಮೊದಲ ಮಾದರಿ. ಆ ಬರಹವೂ ಸವೆಯುತ್ತದೆಂದು ಅದೇ ವರ್ಷ ದಿಬ್ಬ ತೆಗೆದು ನೇರ ಗೆರೆ ಎಳೆದು, ಬರಹವನ್ನು ಅದರ ಕೆಳಗಿನ ತಗ್ಗಿಗೆ ಇಳಿಸಿದರು. ಎಂದರೆ ದಿಬ್ಬದ ಮಾದರಿ 1913ರಲ್ಲಿ ಮಾತ್ರ ಆಯಿತು. ಅಂಕಿ ಒಂದೂ ಕಾಣದಿದ್ದರೂ ಅದರ ವರ್ಷ 1913 ಎಂದು ಕಣ್ಣುಮುಚ್ಚಿ ಹೇಳಬಹುದು. ಆಮೇಲೆ ಬರಹದ ಕೆಳಗೆ ಮಿಂಟ್ ಮಾರ್ಕ್ ಹುಡುಕಿ. ಮಾರ್ಕ್ ಇಲ್ಲದಿದ್ದರೆ ಫಿಲಡೆಲ್ಫಿಯಾ, 3,09,92,000 ನಾಣ್ಯಗಳು. ಡಿ ಇದ್ದರೆ ಡೆನ್ವರ್, 53,37,000. ಎಸ್ ಇದ್ದರೆ ಸ್ಯಾನ್ ಫ್ರಾನ್ಸಿಸ್ಕೊ, 21,05,000. ಈ ಕೊನೆಯದನ್ನು ರಾಶಿಯಲ್ಲಿ ಕೊಟ್ಟುಬಿಡುವುದು ನೋಡುವಾಗ ನಿಜವಾಗಿಯೂ ಬೇಸರವಾಗುತ್ತದೆ. ಗೆರೆಯ ಮಾದರಿಯಲ್ಲಿ ಈ ಅನುಕೂಲವಿಲ್ಲ. ಅದು 1938ರವರೆಗೆ ನಡೆಯಿತು, ಮಿಂಟ್ ಮಾರ್ಕ್ ಸಿಕ್ಕರೂ ವರ್ಷ ಸಿಗುವುದಿಲ್ಲ.

ಅಮೆರಿಕದ 25 ಸೆಂಟಿನ ಸ್ಟ್ಯಾಂಡಿಂಗ್ ಲಿಬರ್ಟಿ ಕ್ವಾರ್ಟರ್ (1916–1930) ಬೆಳ್ಳಿಯದು. ಇದರ ಇಸವಿಯೂ ಉಬ್ಬಿನಲ್ಲಿತ್ತು, 1925ರಿಂದ ಅದನ್ನು ತಗ್ಗಿನಲ್ಲಿ ಇಟ್ಟರು. ಹಾಗಾಗಿ ಇಸವಿ ಪೂರ್ತಿ ಅಳಿದ ನಾಣ್ಯ ಸಾಮಾನ್ಯವಾಗಿ 1924ಕ್ಕಿಂತ ಈಚಿನದಲ್ಲ. ಹದ್ದಿನ ಬದಿ ನೋಡಿ: ಹದ್ದಿನ ಕೆಳಗೆ ಮೂರು ನಕ್ಷತ್ರಗಳಿದ್ದರೆ ಎರಡನೆಯ ಮಾದರಿ, 1917 ಅಥವಾ ಅದರ ನಂತರದ್ದು, ಬೆಳ್ಳಿಯ ಬೆಲೆಗೆ ಹೋಗುವಂಥದ್ದು. ಕೆಳಗೆ ನಕ್ಷತ್ರವಿಲ್ಲದಿದ್ದರೆ ಮೊದಲ ಮಾದರಿ, 1916 ಇಲ್ಲವೇ 1917. ಇಲ್ಲಿ ಉಸಿರು ಬಿಗಿಹಿಡಿದು ನೋಡಬೇಕು, ಏಕೆಂದರೆ 1916ರಲ್ಲಿ ಆದದ್ದು 52,000 ಮಾತ್ರ. ಇಸವಿಯಿರುವ ಜಾಗದ ಎಡಕ್ಕೆ ಡಿ ಅಥವಾ ಎಸ್ ಕಂಡರೆ ಅದು 1917, 1916ರಲ್ಲಿ ಫಿಲಡೆಲ್ಫಿಯಾ ಬಿಟ್ಟು ಬೇರೆಲ್ಲೂ ಇದು ಆಗಲಿಲ್ಲ. ಮಾರ್ಕ್ ಇಲ್ಲದಿದ್ದರೆ ಸ್ತ್ರೀಮೂರ್ತಿಯ ತಲೆಗೂದಲಿನ ರಚನೆ, ಪಾದದ ಬಳಿ ಇಳಿಬಿದ್ದ ನಿಲುವಂಗಿಯ ಮಡಿಕೆ, ಇವನ್ನು ಎರಡೂ ವರ್ಷಗಳ ಖಚಿತ ಚಿತ್ರಗಳ ಪಕ್ಕದಲ್ಲಿಟ್ಟು ಹೋಲಿಸಿ. 1917ಕ್ಕೆ ಮೂಲ ಅಚ್ಚನ್ನು ತುಸು ತಿದ್ದಿದ್ದರಿಂದ ವ್ಯತ್ಯಾಸ ಸವೆದ ನಾಣ್ಯದಲ್ಲೂ ಉಳಿಯುತ್ತದೆ. 1916ರದ್ದೇ ಎಂದು ಅನಿಸಿದರೆ ಮಾತ್ರ, ನಾಣ್ಯ ಅಸಲಿಯೇ ಎಂದು ಪರೀಕ್ಷಿಸಿ ಗ್ರೇಡ್ ಕೊಡುವ ದೃಢೀಕರಣ ಸಂಸ್ಥೆಗೆ ಕಳಿಸಿ. ಇಸವಿಯಿಲ್ಲದ 1916ಕ್ಕೂ ಒಳ್ಳೆಯ ಬೆಲೆ ಇದೆ, ಆದರೆ ದೃಢೀಕರಣವಿಲ್ಲದೆ ಯಾರೂ ಕೊಡುವುದಿಲ್ಲ.

ಇನ್ನೂ ಹಳೆಯ ನಾಣ್ಯಗಳಲ್ಲಿ ಕೆಲಸ ಕಷ್ಟವಾಗುವ ಬದಲು ಸುಲಭವಾಗುವುದು ಈ ಹವ್ಯಾಸದ ಒಂದು ಸೊಗಸು. 18ನೆಯ ಶತಮಾನದ ಕೊನೆಯಲ್ಲಿ ಪ್ರತಿ ಅಚ್ಚಿಗೂ ಅಕ್ಷರ, ಅಂಕಿ, ಎಲೆ, ಹಣ್ಣುಗಳನ್ನು ಕೈಯಿಂದಲೇ ಒಂದೊಂದಾಗಿ ಪಂಚ್ ಮಾಡುತ್ತಿದ್ದರು. ಆದ್ದರಿಂದ ಯಾವ ಎರಡು ಅಚ್ಚೂ ಒಂದೇ ಥರ ಇಲ್ಲ: ಒಂದರಲ್ಲಿ ಅಕ್ಷರ ತಲೆಗೆ ತಾಗಿದೆ, ಇನ್ನೊಂದರಲ್ಲಿ ದೂರವಿದೆ. ಅಮೆರಿಕದ 1793ರಿಂದ 1814ರವರೆಗಿನ ದೊಡ್ಡ ತಾಮ್ರದ ಸೆಂಟ್‌ಗಳನ್ನು ವಿಲಿಯಂ ಶೆಲ್ಡನ್ ಅಚ್ಚಿನ ಪ್ರಕಾರ ವಿಂಗಡಿಸಿ ಸಂಖ್ಯೆ ಕೊಟ್ಟಿದ್ದಾರೆ. ಇಸವಿ ಅಳಿದ ಸೆಂಟಿನಲ್ಲಿ ಹಿಂಬದಿಯ ಎಲೆಯ ತುದಿ ಯಾವ ಅಕ್ಷರದ ಕೆಳಗಿದೆ ಎಂದು ನೋಡಿ ಶೆಲ್ಡನ್ ಸಂಖ್ಯೆ ಹಿಡಿದರೆ ವರ್ಷ ತಾನಾಗಿ ಬರುತ್ತದೆ. ಆಮೇಲಿನ ಕಾಲದಲ್ಲಿ ಇಡೀ ಚಿತ್ರ ಹೊತ್ತ ಒಂದೇ ಮೂಲಮುದ್ರೆ, ಅಂದರೆ ಹಬ್‌ನಿಂದ ಎಲ್ಲ ಅಚ್ಚುಗಳನ್ನೂ ಒತ್ತಿ ತೆಗೆಯತೊಡಗಿದ ಮೇಲೆ ಈ ದಾರಿ ಮುಚ್ಚಿತು.

ಮೊಘಲ್ ರೂಪಾಯಿಗಳಲ್ಲಿ ಇಸವಿ ಸವೆದಿರುವುದಿಲ್ಲ, ಬಿಲ್ಲೆಯ ಹೊರಗೆ ಉಳಿದುಹೋಗಿರುತ್ತದೆ. ಅಚ್ಚು ಬಿಲ್ಲೆಗಿಂತ ಅಗಲ, ಸುತ್ತಿಗೆಯ ಏಟು ಎಲ್ಲಿ ಬಿತ್ತೋ ಅಷ್ಟು ಬರಹ ಮೂಡಿತು. ಒಂದು ಮುಖದ ಹಿಜ್ರಿ ವರ್ಷ ಕಾಣದಿದ್ದರೆ ಇನ್ನೊಂದು ಮುಖದಲ್ಲಿ ಆಳ್ವಿಕೆಯ ವರ್ಷ, ಅಂದರೆ ಜುಲೂಸ್ ವರ್ಷ ನೋಡಿ. ಪಟ್ಟಕ್ಕೆ ಬಂದ ಹಿಜ್ರಿ ವರ್ಷಕ್ಕೆ ಆಳ್ವಿಕೆಯ ವರ್ಷ ಕೂಡಿಸಿ 1 ಕಳೆಯಿರಿ. ಔರಂಗಜೇಬನ ಲೆಕ್ಕ ಹಿಜ್ರಿ 1068ರಿಂದ. 48ನೆಯ ವರ್ಷದ ರೂಪಾಯಿಯಾದರೆ 1068 + 48 − 1 = 1115. ಆಳ್ವಿಕೆಯ ವರ್ಷವೂ ಹಿಜ್ರಿ ವರ್ಷವೂ ಒಂದೇ ದಿನ ಶುರುವಾಗುವುದಿಲ್ಲವಾದ್ದರಿಂದ 1116 ಕೂಡ ಇರಬಹುದು. ಕ್ರಿಸ್ತಶಕಕ್ಕೆ ತರಲು 0.97ರಿಂದ ಗುಣಿಸಿ 622 ಕೂಡಿಸಿದರೆ ಅಂದಾಜು ಸಿಗುತ್ತದೆ: 1115ಕ್ಕೆ 1703–04. ಎಚ್ಚರಿಕೆ ಬೇಕಾದದ್ದು ಎರಡನೆಯ ಶಾ ಆಲಂ ಹೆಸರಿನ ರೂಪಾಯಿಗಳಲ್ಲಿ. ಈಸ್ಟ್ ಇಂಡಿಯಾ ಕಂಪನಿ ಬಂಗಾಳದಲ್ಲಿ 19ನೆಯ ಆಳ್ವಿಕೆಯ ವರ್ಷವನ್ನೇ ಸ್ಥಿರವಾಗಿಟ್ಟು ಬಹುಕಾಲ ರೂಪಾಯಿ ಹೊಡೆಯಿತು. ಅಲ್ಲಿ ಲೆಕ್ಕ ಹಾಕಿ ಬಂದ ಇಸವಿ ನಾಣ್ಯದ ನಿಜವಾದ ವಯಸ್ಸಲ್ಲ. ಮೊಘಲ್ ನಾಣ್ಯದ ಬೆಲೆ ನಿಂತಿರುವುದು ಮೊದಲು ಟಂಕಸಾಲೆಯ ಊರಿನ ಹೆಸರಿನ ಮೇಲೆ. ಅಪರೂಪದ ಊರು ಪೂರ್ತಿ ಓದಲು ಬಂದರೆ ಹಿಜ್ರಿ ವರ್ಷ ಕಾಣದಿದ್ದದ್ದು ದೊಡ್ಡ ಕುಂದಲ್ಲ.

ಆಸಿಡ್ ಹಾಕಬೇಕೇ?

ಬಫಲೋ ನಿಕಲ್‌ನ ಅಳಿದ ಇಸವಿಯನ್ನು ಫೆರಿಕ್ ಕ್ಲೋರೈಡ್ ದ್ರಾವಣದಿಂದ (ಇಲ್ಲಿ ಆಸಿಡ್ ಎನ್ನುವುದು ಇದನ್ನೇ) ಎಬ್ಬಿಸಬಹುದು. ಅಚ್ಚು ಒತ್ತಿದಾಗ ಅಂಕಿಯ ಜಾಗದ ಲೋಹಕ್ಕೂ ಸುತ್ತಲಿನದಕ್ಕೂ ಬಿದ್ದ ಒತ್ತಡ ಬೇರೆಬೇರೆ. ಮೇಲಿನ ಉಬ್ಬು ಹೋದರೂ ಒಳಗಿನ ಆ ವ್ಯತ್ಯಾಸ ಉಳಿದಿರುತ್ತದೆ, ದ್ರಾವಣ ಎರಡನ್ನೂ ಬೇರೆಬೇರೆ ವೇಗದಲ್ಲಿ ತಿನ್ನುತ್ತದೆ. ಕೈಗವಸು ಹಾಕಿ, ಗಾಳಿಯಾಡುವ ಜಾಗದಲ್ಲಿ, ಹಲ್ಲುಕಡ್ಡಿಯ ತುದಿಯಿಂದ ಒಂದು ಹನಿಯನ್ನು ಇಸವಿಯ ಜಾಗಕ್ಕಷ್ಟೇ ಇಡಬೇಕು. ಅಂಕಿ ಕಾಣುತ್ತಿದ್ದಂತೆ ಅಡುಗೆ ಸೋಡಾ ಬೆರೆಸಿದ ನೀರಿಗೆ ಹಾಕಿ, ಆಮೇಲೆ ಶುದ್ಧ ನೀರಿನಲ್ಲಿ ತೊಳೆದು ಒತ್ತಿ ಒಣಗಿಸಬೇಕು. ಹೆಚ್ಚು ಹೊತ್ತು ಬಿಟ್ಟರೆ ಎಬ್ಬಿಸಿದ ಅಂಕಿಯನ್ನೂ ದ್ರಾವಣವೇ ತಿಂದುಹಾಕುತ್ತದೆ. ಬಟ್ಟೆಗೆ, ಕಲ್ಲಿನ ಕಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ.

ಇದರಿಂದ ನಾಣ್ಯದ ಮೇಲೆ ಒರಟಾದ ಮಂಕು ತೇಪೆ ಶಾಶ್ವತವಾಗಿ ಉಳಿಯುತ್ತದೆ. ಎದ್ದ ಅಂಕಿ ಕಾಲಕ್ರಮದಲ್ಲಿ ಮತ್ತೆ ಮಸುಕಾಗುವುದೂ ಉಂಟು. ದೃಢೀಕರಣ ಸಂಸ್ಥೆಗಳು ಇಂಥದ್ದಕ್ಕೆ ಅಂಕದ ಗ್ರೇಡ್ ಕೊಡದೆ ಹಾನಿಯಾದದ್ದೆಂದು ಗುರುತಿಸುತ್ತವೆ. ಆದ್ದರಿಂದ ನಿಯಮ ಸರಳ: ದಿಬ್ಬದ ಮಾದರಿಗೆ ಹಾಕಲೇಬೇಡಿ, ಅದರ ವರ್ಷ ಈಗಾಗಲೇ ಗೊತ್ತು. ಅರೆಬರೆ ಅಂಕಿ ಕಾಣುವುದಕ್ಕೆ ಹಾಕಬೇಡಿ. ಬೆಳ್ಳಿಗೆ ಹಾಕಬೇಡಿ, ಮೇಲೆ ಸಿಲ್ವರ್ ಕ್ಲೋರೈಡಿನ ಬೂದು ಪೊರೆ ಕಟ್ಟುತ್ತದೆ ಅಷ್ಟೇ. ಗೆರೆಯ ಮಾದರಿಯ, ಏನೂ ಕಾಣದ, ಡಿ ಅಥವಾ ಎಸ್ ಮಾರ್ಕ್ ಇರುವ ನಿಕಲ್‌ಗೆ ಬೇಕಾದರೆ ಹಾಕಿ. 1926ರ ಎಸ್ ಮಾರ್ಕಿನಂಥದ್ದು (9,70,000 ಮಾತ್ರ ಆದದ್ದು) ಸಿಕ್ಕರೆ ತೇಪೆಯೊಂದಿಗೇ ಕೊಳ್ಳುವವರಿದ್ದಾರೆ. ಮಾರುವಾಗ "ಆಸಿಡ್‌ನಿಂದ ಎಬ್ಬಿಸಿದ ಇಸವಿ" ಎಂದು ಬರೆಯುವುದು ಕಡ್ಡಾಯ.

ಬೇರೆ ಯಾವ ರೀತಿಯ ಸ್ವಚ್ಛತೆಯೂ ಬೇಡ. ಟೂತ್‌ಪೇಸ್ಟ್, ಹುಣಸೆಹಣ್ಣು, ಲೋಹದ ಪಾಲಿಶ್ ಎಲ್ಲವೂ ಮೇಲ್ಮೈಯನ್ನು ಕೊಲ್ಲುತ್ತವೆ. ಪಿವಿಸಿ ಪ್ಲಾಸ್ಟಿಕ್ಕಿನ ಪೊಟ್ಟಣದಲ್ಲಿಟ್ಟು ಹಸಿರು ಜಿಗುಟು ಹಿಡಿದಿದ್ದರೆ ಮಾತ್ರ ಶುದ್ಧ ಅಸಿಟೋನಿನಲ್ಲಿ ಅದ್ದಿ ತೆಗೆಯಬಹುದು. ಅದು ಜಿಗುಟನ್ನು ಕರಗಿಸುತ್ತದೆ, ಲೋಹವನ್ನು ಮುಟ್ಟುವುದಿಲ್ಲ. ಬೆಂಕಿಯಿಂದ ದೂರ ಇಟ್ಟುಕೊಳ್ಳಿ.

ಬೆಲೆ ಕಟ್ಟುವಾಗ

1ರಿಂದ 70ರವರೆಗಿನ ಗ್ರೇಡ್ ಮಾಪಕದಲ್ಲಿ ಅತಿ ಕೆಳಗಿನ 1 ಸಿಗಬೇಕಾದರೂ ಮಾದರಿಯೂ ಇಸವಿಯೂ ಗುರುತು ಸಿಗುವಂತಿರಬೇಕು. ಇಸವಿ ಗೊತ್ತಾಗದ ನಾಣ್ಯ ಮಾಪಕದ ಹೊರಗೇ ನಿಲ್ಲುತ್ತದೆ, ಬೆಲೆಪಟ್ಟಿಗಳಲ್ಲಿ ಅದು ಸಿಗದಿರುವುದು ಇದೇ ಕಾರಣಕ್ಕೆ. ಪಟ್ಟಿಯಲ್ಲಿ ಅದೇ ಮಾದರಿಯ ಅತಿ ಅಗ್ಗದ ಬೆಲೆಯನ್ನು ತೆಗೆದುಕೊಂಡು ತನ್ನದಕ್ಕೂ ಅಷ್ಟು ಬರುತ್ತದೆ ಎಂದು ಲೆಕ್ಕ ಹಾಕುವವರು ಮೋಸಹೋಗುತ್ತಾರೆ.

ಬೆಳ್ಳಿಯದಾದರೆ ತಳದ ಬೆಲೆ ಲೋಹದ್ದು. ಸ್ಟ್ಯಾಂಡಿಂಗ್ ಲಿಬರ್ಟಿ ಕ್ವಾರ್ಟರ್ ಹೊಸತರಲ್ಲಿ 6.25 ಗ್ರಾಂ, ಅದರಲ್ಲಿ ಶೇಕಡಾ 90 ಬೆಳ್ಳಿ, ಅಂದರೆ 5.625 ಗ್ರಾಂ. ಇಸವಿ ಅಳಿಯುವಷ್ಟು ಸವೆದದ್ದು ಅಷ್ಟು ತೂಗುವುದಿಲ್ಲ. ತಕ್ಕಡಿಯಲ್ಲಿ 5.80 ಗ್ರಾಂ ಬಂದರೆ ಬೆಳ್ಳಿ 5.22 ಗ್ರಾಂ. ನೂರಾರು ನಾಣ್ಯಗಳ ಲಾಟ್‌ನಲ್ಲಿ ಈ ವ್ಯತ್ಯಾಸ ದೊಡ್ಡ ಮೊತ್ತವಾಗುತ್ತದೆ, ಆದ್ದರಿಂದ ಎಣಿಕೆಯಲ್ಲಿ ಕೊಡುವುದೋ ತೂಕದಲ್ಲಿ ಕೊಡುವುದೋ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಮಾರುವವರಿಗೆ ಎಣಿಕೆ ಲಾಭ, ಕೊಳ್ಳುವವರಿಗೆ ತೂಕ. ತಾಮ್ರ–ನಿಕಲ್ ನಾಣ್ಯಗಳಲ್ಲಿ ಲೋಹದ ಬೆಲೆ ಲೆಕ್ಕಕ್ಕಿಲ್ಲ. ಅಮೆರಿಕದಲ್ಲಂತೂ 1 ಮತ್ತು 5 ಸೆಂಟಿನ ನಾಣ್ಯಗಳನ್ನು ಕರಗಿಸುವುದನ್ನು 2006ರ ಡಿಸೆಂಬರ್‌ನಿಂದ ನಿಷೇಧಿಸಿದ್ದಾರೆ.

ಹಾಗಾದರೆ ಇಸವಿಯಿಲ್ಲದ ನಿಕಲ್‌ಗಳನ್ನು ಯಾರು ಕೊಳ್ಳುತ್ತಾರೆ? ಗುಂಡಿ, ಉಂಗುರ, ಬೆಲ್ಟಿನ ಬಿಲ್ಲೆ ಮಾಡುವವರು, ನಾಣ್ಯದ ಮೇಲೆ ಹೊಸ ಮುಖ ಕೆತ್ತುವ ಹೋಬೋ ನಿಕಲ್ ಕಲೆಗಾರರು, ಮಕ್ಕಳಿಗೆ ಸಂಗ್ರಹದ ರುಚಿ ಹತ್ತಿಸುವವರು. ಇವರಿಗೆ ಇಸವಿ ಬೇಡ, ಚಿತ್ರ ಚೆನ್ನಾಗಿರಬೇಕು. ಪ್ರಾಣಿಯ ಕೊಂಬು ಉಳಿದವನ್ನು ಒಂದು ಗುಂಪು, ಬೋಳಾದವನ್ನು ಇನ್ನೊಂದು ಗುಂಪು ಮಾಡಿ. ಅರೆ ಇಸವಿಯವನ್ನು ಬೇರೆಯೇ ಇಡಿ: ಕೊನೆಯ ಎರಡು ಅಂಕಿ ಕಾಣುವುದಕ್ಕೂ ಏನೂ ಕಾಣದ್ದಕ್ಕೂ ಒಂದೇ ಬೆಲೆಯಲ್ಲ. ಎಲ್ಲ ಬೆರೆಸಿ ಕೊಟ್ಟರೆ ಕೊಳ್ಳುವವರು ಇಡೀ ರಾಶಿಗೆ ಕೆಟ್ಟದ್ದರ ಬೆಲೆಯನ್ನೇ ಹೇಳುತ್ತಾರೆ.

ಎರರ್ ನಾಣ್ಯಕ್ಕೆ ಬೆಲೆ ಹುಡುಕುವಾಗ ಆನ್‌ಲೈನ್‌ನಲ್ಲಿ ಕೇಳುತ್ತಿರುವ ಬೆಲೆಯನ್ನು ಪಕ್ಕಕ್ಕಿಟ್ಟು, ಮಾರಾಟವಾಗಿ ಮುಗಿದವುಗಳ ಬೆಲೆ ನೋಡಿ. ಅದೂ ಒಂದೆರಡಲ್ಲ, ಅದೇ ದೋಷ, ಅದೇ ಮುಖಬೆಲೆ, ಹತ್ತಿರದ ಸ್ಥಿತಿಯವು ಹಲವಾರು. ದೃಢೀಕರಣದ ಶುಲ್ಕ, ಹೋಗಿಬರುವ ಅಂಚೆ, ವಿಮೆ ಎಲ್ಲ ಸೇರಿಸಿದ ಮೊತ್ತದ ಮೂರು ಪಟ್ಟಾದರೂ ನಾಣ್ಯಕ್ಕೆ ಬರುವಂತಿದ್ದರೆ ಕಳಿಸುವುದು ಸರಿ. ಅದಕ್ಕಿಂತ ಕಡಿಮೆಯದನ್ನು ಒಳ್ಳೆಯ ಚಿತ್ರಗಳೊಂದಿಗೆ ಹಾಗೆಯೇ ಮಾರಿ.

ಮಾರಾಟ

ಐದು ಚಿತ್ರ ಬೇಕು: ಎರಡು ಮುಖ, ಅಂಚು, ಇಸವಿಯ ಜಾಗವನ್ನು ಓರೆ ಬೆಳಕಿನಲ್ಲಿ ಹತ್ತಿರದಿಂದ, ತಕ್ಕಡಿಯ ಮೇಲೆ ತೂಕ ಕಾಣುವಂತೆ. ವಿವರಣೆಯಲ್ಲಿ ಮಾದರಿ, ಸಾಧ್ಯವಿರುವ ವರ್ಷಗಳು, ಮಿಂಟ್ ಮಾರ್ಕ್, ತೂಕ, ವ್ಯಾಸ, ಇಸವಿ ಕಾಣೆಯಾದ ಕಾರಣ. ಸವೆತವಾದರೆ ಸವೆತ ಎಂದೇ ಬರೆಯಿರಿ. ವರ್ಷವನ್ನು ಮಾದರಿಯಿಂದ ಹಿಡಿದಿದ್ದರೆ ಹೇಗೆ ಹಿಡಿದಿರಿ ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯಿರಿ, ಬಲ್ಲವರು ಆ ಸಾಲು ಓದಿಯೇ ಹರಾಜು ಕೂಗುತ್ತಾರೆ. "ಅಪರೂಪ", "ಒಂದೇ ಒಂದು" ಎಂಬ ಮಾತುಗಳು ಅವರನ್ನು ದೂರ ಓಡಿಸುತ್ತವೆ.

ಯಾವುದನ್ನು ಎಲ್ಲಿ ಮಾರಬೇಕು ಎಂಬುದರಲ್ಲಿ ಹೆಚ್ಚು ಗೊಂದಲವಿಲ್ಲ. ಲೋಹದ ಬೆಲೆಯವು ಡೀಲರ್ ಬಳಿ ಅಂದೇ ಹೋಗುತ್ತವೆ. ರಾಶಿಯವು ಆನ್‌ಲೈನ್‌ನಲ್ಲಿ ಸಣ್ಣ ಲಾಟ್‌ಗಳಾಗಿ ಮಾಡಿದರೆ ಚೆನ್ನಾಗಿ ಹೋಗುತ್ತವೆ. ದೊಡ್ಡ ದೋಷದವು, ದೃಢೀಕರಣವಾದವು ನಾಣ್ಯಗಳಿಗೇ ಮೀಸಲಾದ ಹರಾಜಿಗೆ ಹೋಗಬೇಕು, ಅಲ್ಲಿ ಕಮಿಷನ್ ಎಷ್ಟು, ಚಿತ್ರಕ್ಕೆ ಬೇರೆ ಶುಲ್ಕವಿದೆಯೇ, ಮಾರದಿದ್ದರೆ ವಾಪಸು ಕಳಿಸಲು ಎಷ್ಟು ಎಂದು ಕೊಡುವ ಮೊದಲೇ ಬರಹದಲ್ಲಿ ಪಡೆಯಿರಿ. ನಿಮ್ಮ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕವನ್ನೋ ತೆರಿಗೆಯನ್ನೋ ಕಟ್ಟಿ ಎನ್ನುವವರು ವಂಚಕರು. ನಿಜವಾಗಿ ಕೊಳ್ಳುವವರು ಮಾರುವವರಿಂದ ಮುಂಗಡ ಹಣ ಕೇಳುವುದಿಲ್ಲ, ನಾಣ್ಯ ನೋಡದೆ ಬೆಲೆಯನ್ನೂ ಹೇಳುವುದಿಲ್ಲ.

ಕಳಿಸುವಾಗ ನಾಣ್ಯವನ್ನು ಪಿವಿಸಿ ಇಲ್ಲದ ಹೋಲ್ಡರ್‌ನಲ್ಲಿಟ್ಟು, ಸ್ಟೇಪಲ್ ಪಿನ್‌ಗಳನ್ನು ಚಪ್ಪಟೆ ಮಾಡಿ, ಎರಡು ರಟ್ಟಿನ ತುಂಡುಗಳ ನಡುವೆ ಅಲುಗದಂತೆ ಟೇಪ್ ಹಾಕಿ. ಪಾರ್ಸೆಲ್ ಅಲ್ಲಾಡಿಸಿದಾಗ ಸದ್ದು ಬರಬಾರದು, ಹೊರಗೆ ನಾಣ್ಯ ಎಂಬ ಮಾತು ಇರಬಾರದು. ದಾರಿಯ ಜಾಡು ತಿಳಿಯುವ ಅಂಚೆಯಲ್ಲೇ ಕಳಿಸಿ, ಬೆಲೆ ಹೆಚ್ಚಿದ್ದರೆ ವಿಮೆ ಮಾಡಿಸಿ. ಗಡಿ ದಾಟಿಸುವ ಮೊದಲು ಕಾನೂನು ನೋಡಿಕೊಳ್ಳಿ: ಭಾರತದಲ್ಲಿ 1972ರ ಪುರಾವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ನಾಣ್ಯ ಪುರಾವಸ್ತು, ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಇಸವಿ ಕಾಣದ ನಾಣ್ಯಕ್ಕೆ ಇಲ್ಲಿ ವಿನಾಯಿತಿಯಿಲ್ಲ. ಅಂಕಿ ಕಾಣದಿದ್ದರೂ ಮಾದರಿಯಿಂದ ವಯಸ್ಸು ತಿಳಿಯುತ್ತದೆ, ಮೊಘಲ್ ರೂಪಾಯಿಯನ್ನು ಯಾರು ನೋಡಿದರೂ 100 ವರ್ಷದ ಈಚಿನದೆನ್ನುವುದಿಲ್ಲ.